ಹೂಂಗುಟ್ಟುವವನ ನಿದ್ದೆ

ನನಗೊಂದು ಕೆಟ್ಟ ಚಾಳಿ ಇದೆ. ಎದುರಿಗೆ ಯಾರು ಏನು ಹೇಳುತ್ತಿದ್ದರೂ ‘ಹೂಂ’ ಎನ್ನುತ್ತೇನೆ. ಕಚೇರಿಯಲ್ಲಿ ಸಾಹೇಬರು ಇಂಗ್ಲಿಷಿನಲ್ಲಿ ಬೈದರೂ ಹೂಂ, ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಅತ್ತರಿನ ಸಾಬರು ತಮ್ಮ ಮೊಣಕಾಲು ನೋವನ್ನು ಉರ್ದುವಿನಲ್ಲಿ ವರ್ಣಿಸಿದರೂ ಹೂಂ, ಮನೆಯಲ್ಲಿ ಹೆಂಡತಿ ಪಾರ್ವತಿ ಏನು ಕೇಳಿದಳೆಂದು ತಿಳಿಯುವ ಮೊದಲೇ ಹೂಂ. ಹೀಗೆ ಒಮ್ಮೆ ನಾನು ಕಣ್ಣಿಂದಲೂ ನೋಡದ ಎಮ್ಮೆಯೊಂದನ್ನು ಮನೆಗೆ ತರಲು ಒಪ್ಪಿಬಿಟ್ಟಿದ್ದೆ. ಅದನ್ನು ಕಟ್ಟಲು ಜಾಗವಿಲ್ಲವೆಂಬುದು ಅದು ಬಾಗಿಲಿಗೆ ಬಂದ ಮೇಲೆ ನೆನಪಾಯಿತು.

ಇಂಥವನಿಗೆ ಹುಟ್ಟಿದ ಮಗಳು ನೀಲಾ ಮಾತ್ರ ಎರಡೂವರೆ ವರ್ಷವಾದರೂ ಒಂದು ಹೂಂ ಸಹ ಅಂದಿರಲಿಲ್ಲ. ನಗುತ್ತಿದ್ದಳು, ಅಳುತ್ತಿದ್ದಳು, ಬೆರಳು ತೋರಿಸಿ ಬೇಕಾದ್ದನ್ನು ಪಡೆಯುತ್ತಿದ್ದಳು. ಕಿವಿಯಂತೂ ಬಲು ಚುರುಕು. ಅಡಿಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದರೆ ಅಂಗಳದಿಂದ ಓಡಿ ಬರುವಳು. ಆದರೆ ಯಾರಾದರೂ “ಏನವ್ವಾ ನಿನ್ನ ಹೆಸರು?” ಎಂದರೆ ನನ್ನ ಮುಖ ನೋಡುವಳು. ಆ ಕ್ಷಣದ ಮೌನವನ್ನು ನನಗೆ ತಡೆಯಲಾಗುತ್ತಿರಲಿಲ್ಲ. “ನೀಲಾ ಅಂತ್ರಿ” ಎಂದು ನಾನೇ ಹೇಳಿ ಮುಗಿಸುತ್ತಿದ್ದೆ.

ಸಿರುಗುಪ್ಪದಿಂದ ನಮ್ಮ ಅತ್ತೆ ಬಂದರು. ಬಜೆ ಬೇರನ್ನು ಜೇನಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಹಚ್ಚಿದರು. ನೀಲಾ ಮುಖ ಕಿವುಚಿದಳೇ ಹೊರತು ಮಾತಾಡಲಿಲ್ಲ. ಕುರುಗೋಡಿಗೆ ಹೋಗಿ ದೊಡ್ಡ ಬಸವಣ್ಣನ ಕಿವಿಯಲ್ಲಿ ಬೇಡಿಕೊಳ್ಳುವುದೆಂದಾಯಿತು. ಆದರೆ ಆ ಬಸವಣ್ಣ ಎಷ್ಟು ದೊಡ್ಡವನೆಂದರೆ ಅವನ ಕಿವಿ ನನಗೆ ಎಟುಕಲಿಲ್ಲ. ನಮ್ಮ ಅರ್ಜಿಯನ್ನು ಮೊಣಕಾಲಿನ ಹತ್ತಿರವೇ ಸಲ್ಲಿಸಿ ಬಂದೆ. ಪಾರ್ವತಿ ಮಗಳ ತಲೆ ಬಾಚುವಾಗ ಮೆಲ್ಲಗೆ, “ಒಂದ್ಸಲ ಅವ್ವಾ ಅನ್ನು, ಸಾಕು” ಎನ್ನುತ್ತಿದ್ದಳು.

ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಮಕ್ಕಳಿಗೆ ಕಥೆ ಹೇಳುತ್ತಾರೆಂದು ತಿಳಿದದ್ದು ಆಗ. ಹೇಳುವವರು ಕುರುಗೋಡಿನವರು, ಪಾಠಶಾಲೆಯಿಂದ ನಿವೃತ್ತರಾದ ಮೇಷ್ಟ್ರು. ಅತ್ತೆಗೆ ಇದು ಸರಿಬರಲಿಲ್ಲ. “ಹಗಲಾಗ ಕಥಿ ಹೇಳಿದ್ರ ಸ್ವಾದರಮಾವ ದಾರಿ ತಪ್ತಾನ” ಎಂದರು. ನೀಲಾಳ ಸೋದರಮಾವ ಸಿರುಗುಪ್ಪದ ತನ್ನ ಕಟ್ಟೆ ಬಿಟ್ಟು ಎದ್ದವನೇ ಅಲ್ಲ. ಒಮ್ಮೆ ದಾರಿ ತಪ್ಪಿದರೆ ಅವನಿಗೂ ಒಳ್ಳೆಯದೇ ಎಂದುಕೊಂಡು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟೆ.

ವಾಚನಾಲಯವೆಂದರೆ ಒಂದೇ ಉದ್ದನೆಯ ಕೋಣೆ. ಒಂದು ತುದಿಗೆ ಪತ್ರಿಕೆ ಓದುವ ಹಿರಿಯರು, ಇನ್ನೊಂದು ತುದಿಗೆ ಚಾಪೆಯ ಮೇಲೆ ಮಕ್ಕಳು, ಮೇಲೆ ಗೋಡೆಗೆ ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ‘ಸದ್ದು ಮಾಡಬಾರದು’ ಎಂಬ ಹಲಗೆ. ಬಳ್ಳಾರಿ ಮೈಸೂರಿಗೆ ಸೇರುತ್ತದೋ ಆಂಧ್ರಕ್ಕೋ ಎಂದು ಊರೆಲ್ಲ ಕಾದಾಡುತ್ತಿದ್ದ ಕಾಲ. ಹಲಗೆಯ ಕೆಳಗೆ ಹಿರಿಯರು ಕಣ್ಣಲ್ಲೇ ಜಗಳವಾಡುತ್ತಿದ್ದರು.

ಮೇಷ್ಟ್ರದು ಒಂದು ನೇಮವಿತ್ತು. ಕೇಳುವವರು ಹೂಂಗುಟ್ಟದೆ ಅವರು ಕಥೆ ಮುಂದುವರಿಸುವುದಿಲ್ಲ. “ಹೂಂ ಇಲ್ಲದ ಕಥಿ, ಗಾಡಿಗೆ ಎತ್ತಿಲ್ಲದಂಗ. ಅದು ನಿಂತಲ್ಲೇ ನಿಲ್ತೈತಿ” ಎನ್ನುವರು. ಆದರೆ ಮೂವತ್ತು ಮಕ್ಕಳು ವಾಕ್ಯಕ್ಕೊಮ್ಮೆ ಒಟ್ಟಿಗೆ ಹೂಂ ಎಂದರೆ ಪತ್ರಿಕೆಯ ಕಡೆಯವರು ಸುಮ್ಮನಿರುತ್ತಾರೆಯೇ? ಕೊನೆಗೆ ಪಂಚಾಯಿತಿ ನಡೆದು ಒಪ್ಪಂದವಾಗಿತ್ತು: ಎಲ್ಲರ ಪರವಾಗಿ ಒಬ್ಬರು ಮಾತ್ರ ಹೂಂ ಅನ್ನಬೇಕು, ಅದೂ ಮೆತ್ತಗೆ. ಚಾಪೆಯ ಮೇಲೆ ದೊಡ್ಡವನೆಂದರೆ ನಾನೊಬ್ಬನೇ. “ನೀವ ಅನ್ರಿ” ಎಂದರು ಮೇಷ್ಟ್ರು. ನಾನು ಎಂದಿನಂತೆ ಹೂಂ ಅಂದೆ. ಜೀವಮಾನವಿಡೀ ಮಾಡಿದ ಅಭ್ಯಾಸಕ್ಕೆ ಕಡೆಗೂ ಒಂದು ಹುದ್ದೆ ಸಿಕ್ಕಿತು.

ಹೂಂ ಎಂಬುದು ಸಾಮಾನ್ಯವಾದ ಸದ್ದಲ್ಲ, ನೋಡಿ. ತೆಲುಗಿನವರು ‘ಊ’ ಎನ್ನುತ್ತಾರೆ, ನಾವು ಹೂಂಗುಟ್ಟುತ್ತೇವೆ, ಸಾಬರು ಮೂಗಿನಲ್ಲಿ ಎಳೆಯುತ್ತಾರೆ. ಆ ಚಾಪೆಯ ಮೇಲಿನ ಮೂರು ಬಗೆಯ ಮಕ್ಕಳಿಗೂ ನನ್ನದೊಂದೇ ಸಾಕಾಗುತ್ತಿತ್ತು. ಕಥೆ ಕೇಳುತ್ತ ತಾಯಿ ನಿದ್ದೆ ಹೋದಾಗ ಹೊಟ್ಟೆಯೊಳಗಿನ ಕೂಸೇ ಹೂಂಗುಟ್ಟಿತೆಂದು ನಮ್ಮ ಹಿರಿಯರು ಹೇಳುವುದನ್ನು ನೀವೂ ಕೇಳಿರುತ್ತೀರಿ. ನಾನೂ ಕೇಳಿದ್ದೆ. ಆದರೆ ಕೇಳಿದ್ದೆಲ್ಲ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ.

ಐದಾರು ಭಾನುವಾರ ಕಳೆದವು. ನೀಲಾ ನನ್ನ ತೊಡೆಯ ಮೇಲೆ ಕೂತು ಮೇಷ್ಟ್ರ ತುಟಿಗಳನ್ನೇ ನೋಡುವಳು. ನಾನು ಹೂಂ ಎಂದಾಗಲೆಲ್ಲ ಕತ್ತು ಹೊರಳಿಸಿ ನನ್ನ ತುಟಿ ನೋಡುವಳು. ಬರುವಾಗ ಪಾರ್ವತಿ ಬಾಗಿಲಲ್ಲೇ ನಿಂತಿರುವಳು. ನಾನು ಇಲ್ಲವೆಂದು ತಲೆಯಾಡಿಸುವೆ. ಅವಳು ಒಳಗೆ ಹೋಗುವಳು.

ಆ ಭಾನುವಾರ ಬಿಸಿಲು ರಣಗುಟ್ಟುತ್ತಿತ್ತು. ಗುಡ್ಡದ ಬಂಡೆಗಳು ಕಾದು ಊರೇ ಹಂಚಿನ ಮೇಲೆ ಕೂತ ಹಾಗಿತ್ತು. ವಾಚನಾಲಯದ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ್ದರು. ಆ ತಂಪು, ಆ ವಾಸನೆ, ಹೊಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮೇಷ್ಟ್ರು ಶುರುಮಾಡಿದರು. ದಾರಿ ತಪ್ಪಿ ಬಳ್ಳಾರಿಯ ಕಡೆ ಬಂದ ಒಂದು ಮರಿಮೋಡ. ಅದಕ್ಕೆ ಹಗ್ಗ ಕಟ್ಟಿ ಅದರ ತಾಯಿಯ ಹತ್ತಿರ ಬಿಟ್ಟು ಬರಲು ಹೊರಟ ಕುರಿ ಕಾಯುವ ಹುಡುಗಿ. ಹೂಂ ಅಂದೆ. ಹುಡುಗಿ ಹಗರಿ ಹೊಳೆಯ ಮರಳಿಗೆ ಇಳಿದಳು. ಹೂಂ. ಮೋಡದ ನೆರಳು ಅವಳ ಜೊತೆಗೇ ಮರಳಿನ ಮೇಲೆ ನಡೆಯಿತು. ಹೂಂ. ಆ ನೆರಳೊಳಗೆ ನಾನೂ ನಡೆದೆ. ಕಾಲ ಕೆಳಗೆ ಮರಳು ತಣ್ಣಗಿತ್ತು. ಹಗ್ಗದ ತುದಿ ಯಾರೋ ನನ್ನ ಕೈಗೆ ಕೊಟ್ಟರು. ಮೋಡ ಮೆಲ್ಲಗೆ ಎಳೆಯುತ್ತಿತ್ತು, ನಾನು ಹಗುರಾಗುತ್ತಿದ್ದೆ. ಎಲ್ಲಿಗೆ ಎಂದು ಕೇಳಬೇಕೆನಿಸಲೇ ಇಲ್ಲ.

ಎಚ್ಚರವಾದದ್ದು ಗದ್ದಲಕ್ಕೆ. ಮಕ್ಕಳು ಕುಣಿಯುತ್ತಿದ್ದರು. ಹಿರಿಯರು ಪತ್ರಿಕೆ ಕೆಳಗಿಟ್ಟು, ಹಲಗೆಯ ಕೆಳಗೇ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಮೇಷ್ಟ್ರ ಕಣ್ಣು ತೇವವಾಗಿತ್ತು.

“ಏನಾತ್ರಿ?” ಎಂದೆ.

“ನೀವು ಮಲಗಿಬಿಟ್ರಿ. ಹೂಂ ಬರಲಿಲ್ಲ. ನಾನು ಹುಡುಗೀನ ಮರಳಾಗ ನಿಲ್ಲಿಸಿ ಕಾದೆ. ಆಮ್ಯಾಲ ನಿಮ್ಮ ಮಗಳು ನಿಮ್ಮ ಮಾರಿ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಹೂಂ ಅಂದ್ಲು ನೋಡ್ರಿ!”

ನನಗೆ ಅಳು ಬಂತು. ಸಂತೋಷ ಎಷ್ಟೋ ನಾಚಿಕೆಯೂ ಅಷ್ಟೇ. ಎರಡೂವರೆ ವರ್ಷ ಕಾದ ಮಾತು ನನ್ನ ತೊಡೆಯ ಮೇಲೇ ಹುಟ್ಟಿತು; ನಾನು ಗೊರಕೆ ಹೊಡೆಯುತ್ತಿದ್ದೆ. “ಇನ್ನೊಮ್ಮೆ ಅನ್ನವ್ವಾ, ಹೂಂ ಅನ್ನು, ಹೂಂ” ಎಂದು ಗೋಗರೆದೆ. ಅವಳು ಎಂದಿನಂತೆ ನನ್ನ ಮುಖ ನೋಡುತ್ತ ಕೂತಳು.

ಮನೆಗೆ ಓಡಿದೆ. ಬಾಗಿಲಲ್ಲಿ ಪಾರ್ವತಿ. “ಹೂಂ ಅಂದ್ಲು!” ಎಂದು ಕೂಗಿದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು.

“ಹೆಂಗ ಅಂದ್ಲು? ಉದ್ದಕ ಅಂದ್ಲೋ, ಗಿಡ್ಡಕ ಅಂದ್ಲೋ? ದನಿ ಹೆಂಗೈತ್ರಿ ನನ್ನ ಕೂಸಿಂದು?”

ಮಗಳನ್ನು ಹೆಗಲಿನಿಂದ ಇಳಿಸುವ ನೆವದಲ್ಲಿ ಬಗ್ಗಿದೆ.

“ನೀವು ನಿದ್ದಿ ಹೊಡದೀರಿ.”

“ಹೂಂ.”

ಬೈಯುತ್ತಾಳೆ ಎಂದುಕೊಂಡೆ. ಅವಳು ಮಗಳನ್ನು ಎದುರಿಗೆ ಕೂರಿಸಿಕೊಂಡಳು. “ಆ ಕಥಿ ನನಗ ಗೊತ್ತಿಲ್ಲ, ನಂದ ಒಂದು ಹೇಳ್ತೀನಿ” ಎಂದು ಕಣ್ಣೊರೆಸಿಕೊಂಡು ಶುರುಮಾಡಿದಳು. “ಒಂದೂರಾಗ ಒಬ್ಬ ಅಪ್ಪ ಇದ್ದ.”

ನೀಲಾ ತಿರುಗಿ ನನ್ನ ಮುಖ ನೋಡಿದಳು. ಆ ಹಾಳು ಹೂಂ ನನ್ನ ಗಂಟಲವರೆಗೆ ಬಂದೇಬಿಟ್ಟಿತ್ತು. ಆಗ ಥಟ್ಟನೆ ಹೊಳೆಯಿತು: ಹುಟ್ಟಿದಾಗಿನಿಂದ ಈ ಮಗುವಿನ ಪಾಲಿನ ಹೂಂಗಳನ್ನೆಲ್ಲ ನಾನೇ ಅಂದು ಮುಗಿಸಿದ್ದೆ. ಅವಳಿಗೆ ಸಿಕ್ಕ ಸಂದು ಒಂದೇ, ನನ್ನ ನಿದ್ದೆ. ಎಲೆ-ಅಡಿಕೆ ತಟ್ಟೆಯಿಂದ ದೊಡ್ಡದೊಂದು ಅಡಿಕೆ ಹೋಳು ತೆಗೆದು ಬಾಯಿಗೆ ಹಾಕಿಕೊಂಡು ಹಲ್ಲು ಬಿಗಿಹಿಡಿದು ಕೂತೆ.

ನೀಲಾ ಬಹಳ ಹೊತ್ತು ನೋಡಿದಳು. ಈ ಕಡೆಯಿಂದ ಏನೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ತಾಯಿಯ ಕಡೆ ತಿರುಗಿದಳು. ಅಂದಳು. ಉದ್ದಕ್ಕೇ ಅಂದಳು, ಕೊನೆಯಲ್ಲಿ, ಮುಂದೇನು ಎಂದು ಕೇಳುವ ಹಾಗೆ, ಸ್ವಲ್ಪ ಮೇಲಕ್ಕೆ ಎಳೆದಳು.

ಈಗಲೂ ಯಾರಾದರೂ ನನ್ನ ಮಗಳನ್ನು ಏನಾದರೂ ಕೇಳಿದರೆ ನಾನು ಮೊದಲು ಅಡಿಕೆ ಹುಡುಕುತ್ತೇನೆ.