ಬಟ್ಟೆಯ ಜಿಂಕೆಯ ಆಚೆ ಕಾಲು

ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿನ ಇನ್ನೊಂದು ರೂಮಿನಲ್ಲಿ ಕಾರ್ಕಳದ ಲೋಲಾಕ್ಷಿಯಕ್ಕ ಇದ್ದಾರೆ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರು, ಈಗ ಇಲ್ಲಿನ ಶೂಟಿಂಗ್ ಕ್ಲಬ್ಬೊಂದರಲ್ಲಿ ಕೋಚ್. ರಜೆಯ ದಿನ ನನ್ನ ಮಗಳು ಶೈಮಾಳ ತಲೆ ಬಾಚುವುದು ಅವರೇ. ಊರಿಗೆಲ್ಲ ಗುರಿ ಕಲಿಸುವವರು ಬೈತಲೆ ಮಾತ್ರ ಸೊಟ್ಟ ತೆಗೆಯುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ಶೈಮಾಳ ಬಟ್ಟೆಯ ಜಿಂಕೆಯನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾ ಕುಳಿತಿದ್ದರು.

"ಹಫ್ಸಾ, ಇದರ ಹೊಲಿಗೆ ಬಿಚ್ಚಿದ್ರೆ ಪುನಃ ಹಾಕಿ ಕೊಡ್ತೀಯಾ?"

"ಪಾಪದ ಜಿಂಕೆ ನಿಮಗೆಂತ ಮಾಡಿತು ಅಕ್ಕ?"

ವಿಷಯ ಅವರ ಶಿಷ್ಯ ಸಯೀದ್ ಅವರದ್ದು, ಇಲ್ಲಿಯ ಅರಬರೇ, ಐವತ್ತು ದಾಟಿದವರು. ಹೋದ ವರ್ಷ ಪರವಾನಗಿ ಪಡೆದು ನಮೀಬಿಯಾಕ್ಕೆ ಬೇಟೆಗೆ ಹೋಗಿದ್ದಾಗ ಅವರ ಗುಂಡು ತಿಂದ ಕುಡು, ಅಂದರೆ ಸುರುಳಿ ಕೊಂಬಿನ ದೊಡ್ಡ ಜಿಂಕೆ, ಓಡಿಹೋಗಿ ಸಿಗಲೇ ಇಲ್ಲವಂತೆ. ಈಗ ಮತ್ತೆ ಹೊರಟವರು, ಈ ಸಲವೂ ಪ್ರಾಣಿ ನರಳಿದರೆ ಬಂದೂಕು ಮಾರಿಬಿಡುತ್ತೇನೆ ಅಂದಿದ್ದರು.

"ಅವರಿಗಿಂತ ನನಗೇ ಹೆದರಿಕೆ. ಈ ಸಲ ಕಲಿಸುವುದು ನಾನಲ್ವಾ."

ನಾನು ಹೊಲಿಗೆ ಬಿಚ್ಚಿದೆ. ಅಕ್ಕ ಎದೆಯ ಕೆಳಭಾಗದಲ್ಲಿ, ಮುಂಗಾಲುಗಳ ನಡುವೆ ಕೆಂಪು ಸ್ಪಂಜಿನ ಚೆಂಡು ಇಟ್ಟರು.

"ಹೃದಯ ಅಷ್ಟು ಕೆಳಗೆ ಉಂಟಾ?"

"ಉಂಟು. ಹೊಸಬರೆಲ್ಲ ಬೆನ್ನಿನ ಹತ್ತಿರ ಹೊಡೀತಾರೆ."

ಜಿಂಕೆ ಪೂರ್ತಿ ಅಡ್ಡ ನಿಂತಾಗ ಮುಂಗಾಲಿನ ಹಿಂದುಗಡೆ, ಕೆಳಗಿನಿಂದ ಮೈಯ ಎತ್ತರದ ಮೂರನೇ ಒಂದು ಪಾಲಿನಲ್ಲಿ ಹೆಣಿಗೆ ಕಡ್ಡಿ ಚುಚ್ಚಿದೆ, ಚೆಂಡಿಗೆ ತಾಗಿತು. ಅಕ್ಕ ಅದನ್ನು ಸ್ವಲ್ಪ ಆಚೆ ಮುಖವಾಗಿ ತಿರುಗಿಸಿದರು. ಅದೇ ಜಾಗಕ್ಕೆ ಚುಚ್ಚಿದರೆ ಕಡ್ಡಿ ಚೆಂಡನ್ನು ಬಿಟ್ಟು ಈಚೆ ಭುಜದಲ್ಲೇ ಹೊರಬಂತು.

"ಸಯೀದ್ ಮಾಡಿದ್ದೂ ಇದನ್ನೇ. ಕಾಣುವ ಮೈಯನ್ನು ನೋಡಬಾರದು ಮಾರಾಯ್ತಿ. ಆಚೆ ಮುಂಗಾಲು ಎಲ್ಲುಂಟು ನೋಡಿ ಅದಕ್ಕೆ ಕಳಿಸು."

ಹಿಂದಿನ ಪಕ್ಕೆಲುಬಿನಿಂದ ಓರೆಯಾಗಿ ಚುಚ್ಚಿದೆ. ಚೆಂಡು ಸಿಕ್ಕಿತು.

"ಎದುರಿಗೇ ನಿಂತರೆ?"

"ಕಾಯುವುದು. ಸಯೀದರಿಗೆ ಆಗದ್ದು ಅದೊಂದೇ."

ಜಿಂಕೆ ಕ್ಲಬ್ಬಿಗೆ ಹೋಯಿತು, ಅಲ್ಲಿಂದ ಸಯೀದರ ಬ್ಯಾಗಿನಲ್ಲಿ ನಮೀಬಿಯಾಕ್ಕೂ ಹೋಯಿತು. ಶೈಮಾ ದಿನಾ ಜಿಂಕೆಯ ಬಗ್ಗೆ "ವೆನ್ ಈಸ್ ಹಿ ಕಮಿಂಗ್?" ಎನ್ನುತ್ತಿದ್ದಳು. ಅಕ್ಕ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಫೋನನ್ನು ಅಡುಗೆಮನೆಗೂ ಹಿಡಿದುಕೊಂಡು ಬರುತ್ತಿದ್ದರು.

ನಿನ್ನೆ ಮಧ್ಯಾಹ್ನ ಫೋನ್ ಬಂತು. ಅಕ್ಕ ಸಲಾಮನ್ನೂ ಹೇಳದೆ, "ಎಷ್ಟು ದೂರ ಓಡಿತು?" ಎಂದು ಹಿಂದಿಯಲ್ಲಿ ಕೇಳಿದರು.

"ನಿಮ್ಮ ಕ್ಲಬ್ಬಿನ ಬಾಗಿಲಿಂದ ಪಾರ್ಕಿಂಗಿನಷ್ಟು. ಖಲಾಸ್," ಎಂದರು ಸ್ಪೀಕರಿನಲ್ಲಿ ಸಯೀದ್. ಮೊದಲ ದಿನ ಒಂದು ಕುಡು ಎದುರಿಗೇ ನಿಂತು ಇವರನ್ನೇ ನೋಡಿತಂತೆ. ಟ್ರಿಗರಿನಿಂದ ಬೆರಳು ತೆಗೆದು ಕಾದರು, ಅದು ಪೊದೆಯೊಳಗೆ ಹೋಯಿತು. ಮೂರನೆಯ ದಿನ ಇನ್ನೊಂದು ಆಚೆ ಮುಖವಾಗಿ ನಿಂತಿತು. ಆಚೆ ಕಾಲು ನೋಡಿದರು. ಮಾಂಸ ಅಲ್ಲಿನ ಹಳ್ಳಿಯವರ ಮನೆ ಸೇರಿತು.

ಫೋನಿಟ್ಟ ಅಕ್ಕ ತಟ್ಟೆಗೆ ಎರಡನೇ ಸಲ ಅನ್ನ ಬಡಿಸಿಕೊಂಡರು.

ಇವತ್ತು ಜಿಂಕೆ ಬಂತು, ಮೈಯೆಲ್ಲ ಕೆಂಪು ಧೂಳು. ಒಗೆದು ಒಣಗಿಸಿದೆ. ಚೆಂಡು ತೆಗೆಯಲು ಶೈಮಾ ಬಿಡಲಿಲ್ಲ. ಒಳಗಿಟ್ಟೇ ಹೊಲಿಯುತ್ತಿದ್ದಾಗ ಅಕ್ಕ ಹಿಂದಿನಿಂದ ಬಗ್ಗಿ ನೋಡಿದರು.

"ಇನ್ನೂ ಸ್ವಲ್ಪ ಕೆಳಗೆ, ಹಫ್ಸಾ."