ದೊಡ್ಡಪ್ಪನ ಬಿಳಿ ಕುಲೆ

ರಮಿತಾ ಮಗಳಿಗೆ ಕಥೆಪುಸ್ತಕ ತಂದರೆ ಮೊದಲು ಕೊನೆಯ ಪುಟ ಓದುತ್ತಿದ್ದಳು. ಯಾರು ಸತ್ತರು, ಯಾರು ಯಾರನ್ನು ನುಂಗಿದರು, ನುಂಗಿದವರನ್ನು ಹೊಟ್ಟೆ ಸೀಳಿ ಹೊರಗೆ ತೆಗೆದರೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪುಸ್ತಕ ತನ್ವಿಯ ಕೈಗೆ ಹೋಗುತ್ತಿತ್ತು. ಚಿತ್ರದ ಮಾಟಗಾತಿಯ ಕಣ್ಣು ಕೆಂಪಗೆ ಉರಿಯುತ್ತಿದ್ದರೆ ತನ್ನ ಬಿಂದಿ ಪ್ಯಾಕೆಟ್ಟಿನಿಂದ ಎರಡು ಬಿಂದಿ ಕಿತ್ತು ಅದರ ಮೇಲೆ ಅಂಟಿಸುತ್ತಿದ್ದಳು. ಹೀಗಾಗಿ ಡೊಂಬಿವಲಿಯ ಆ ಮೂರನೇ ಮಹಡಿಯ ಮನೆಯಲ್ಲಿದ್ದ ಮಾಟಗಾತಿಯರೆಲ್ಲ ಕಣ್ಣಿಗೇ ಕುಂಕುಮ ಇಟ್ಟುಕೊಂಡು ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಸಿನಿಮಾ ಆದರೆ ಇನ್ನೂ ಸುಲಭ. ರಾಜಕುಮಾರಿ ಕಾಡಿಗೆ ಕಾಲಿಟ್ಟು, ಮರಗಳು ಕೈ ಚಾಚತೊಡಗಿದವು ಅನ್ನುವಾಗ ರಿಮೋಟ್ ಅವಳ ಕೈಯಲ್ಲೇ ಇರುತ್ತಿತ್ತು.

ಗಂಡ ಯಶ್ವಂತನಿಗೆ ಇದು ತಮಾಷೆ. ಆದರೆ ರಮಿತಾಳಿಗೆ ಗೊತ್ತಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ದೊಡ್ಡ ತರಗತಿಯ ಹುಡುಗಿಯೊಬ್ಬಳು ಮಂಚದ ಕೆಳಗಿನ ಕೈಯ ಕಥೆ ಹೇಳಿದ್ದಳು. ಹೇಳಲು ಹಿಡಿದದ್ದು ಹತ್ತು ನಿಮಿಷ. ಆ ಕಥೆ ರಮಿತಾಳ ಆರು ವರ್ಷ ತಿಂದಿತ್ತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವಳು ಮಂಚಕ್ಕೆ ದೂರದಿಂದ ಹಾರಿಯೇ ಮಲಗುತ್ತಿದ್ದಳು. ಆ ಹುಡುಗಿಯ ಹೆಸರು, ಎರಡು ಜಡೆ, ಮೂಗಿನ ಪಕ್ಕದ ಮಚ್ಚೆ, ಯಾವುದನ್ನೂ ರಮಿತಾ ಮರೆತಿಲ್ಲ. ಸಿಕ್ಕಿದರೆ ಬಿಡುವವಳೂ ಅಲ್ಲ. ಅವಳು ಸಿಗಲಿಲ್ಲ. ಭಾವ ಸಿಕ್ಕಿದರು.

ಭಾವ ಅಂದರೆ ಯಶ್ವಂತನ ಅಣ್ಣ ತಾರಾನಾಥ. ಅದೇ ಕಟ್ಟಡದ ನೆಲಮಹಡಿಯಲ್ಲಿ ವಾಸ, ಕಲ್ಯಾಣ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ. ಭಾನುವಾರ ರಜೆ. ಆ ದಿನ ಮಧ್ಯಾಹ್ನ ತಮ್ಮನ ಮನೆಯಲ್ಲಿ ಮೀನಿನ ಊಟ. ಊಟವಾದ ಮೇಲೆ ಸೋಫಾದಲ್ಲಿ ಕಾಲು ನೀಡಿ ಕಥೆ ಹೇಳುವುದು ಅವರ ಖಯಾಲಿ. ಆ ಕಥೆಗೆ ಕೊನೆಯ ಪುಟವಿರಲಿಲ್ಲ, ರಿಮೋಟೂ ಇರಲಿಲ್ಲ.

೨೦೦೯ರ ಜುಲೈ ತಿಂಗಳ ಒಂದು ಭಾನುವಾರ. ರಮಿತಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯ ಸದ್ದಿನಲ್ಲಿ ಹೊರಗಿನ ಕೋಣೆಯ ಮಾತು ಅವಳಿಗೆ ಕೇಳಿಸಲಿಲ್ಲ.

"ಈಗ ಆಟಿ ತಿಂಗಳು ಅಲ್ವಾ ಪುಟ್ಟಿ," ಭಾವ ಶುರುಮಾಡಿದ್ದರಂತೆ, "ಸತ್ತವರ ಕುಲೆಗಳು ಊಟಕ್ಕೆ ಬರುವ ಸಮಯ. ನಮ್ಮ ಊರಿನ ಬಾವಿಯಲ್ಲಿ ಒಂದು ಬಿಳೀ ಕುಲೆ ಇತ್ತು. ಬಾವಿ ಮುಚ್ಚಿ ನಲ್ಲಿ ಹಾಕಿದ್ರಲ್ಲ, ಅದಕ್ಕೆ ಜಾಗ ಇಲ್ಲ ಆಯ್ತು. ಎಂಥ ಮಾಡಿತು ಗೊತ್ತುಂಟಾ? ಪೈಪ್ ಹಿಡ್ಕೊಂಡು ಸೀದಾ ಡೊಂಬಿವಲಿಗೆ ಬಂತು. ಬಾತ್‌ರೂಮಿಗೆ ಹೋಗಿ ಯಾರು ಚಿಲಕ ಹಾಕ್ತಾರೋ ಅವರ ಕಾಲು ಹಿಡಿತದೆ!"

'ಹಿಡಿತದೆ' ಅನ್ನುವಾಗ ಅವರು ತನ್ವಿಯ ಪಾದ ಗಪ್ಪನೆ ಹಿಡಿದರು. ಮಗುವಿನ ಕಿರುಚಾಟಕ್ಕೆ ರಮಿತಾಳ ಕೈಯಿಂದ ತಟ್ಟೆ ಬಿತ್ತು. ಅವಳು ಓಡಿ ಬಂದಾಗ ಭಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭಾವ, ಮಗುವಿಗೆ ಆರು ವರ್ಷ!"

"ತಮಾಷೆ ಮಾರಾಯ್ತಿ. ತಮಾಷೆಗೆ ಹೇಳಿದ್ದಕ್ಕೆ ಇಷ್ಟು ಹೆದರಿದರೆ ಹೇಗೆ? ನಾವೆಲ್ಲ ಕುಲೆಯ ಕಥೆ ಕೇಳಿಯೇ ದೊಡ್ಡವರಾದದ್ದು."

ಅಂದಿನಿಂದ ತನ್ವಿ ಬಾತ್‌ರೂಮಿಗೆ ಒಬ್ಬಳೇ ಹೋಗುವುದು ನಿಂತಿತು. ಮನೆಯಲ್ಲಾದರೆ ಅಮ್ಮ ಬಾಗಿಲಲ್ಲಿ ನಿಂತು ಹಾಡಬೇಕು. ಶಾಲೆಯಲ್ಲಿ ಹಾಡುವವರು ಯಾರು? ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಮಗು ತಡೆದು ಹಿಡಿಯುತ್ತಿತ್ತು. ಹಿಡಿದು ಹಿಡಿದು ಉರಿ ಶುರುವಾಯಿತು, ಉರಿಯಿಂದ ನೂರಮೂರು ಜ್ವರ. "ಯೂರಿನ್ ಇನ್ಫೆಕ್ಷನ್. ಮಗು ನೀರು ಕುಡಿಯುವುದಿಲ್ವಾ? ಯಾಕೆ ತಡೀತಾಳೆ?" ಎಂದು ಡಾಕ್ಟರು ಕೇಳಿದರು. ರಮಿತಾ ಏನೆಂದು ಹೇಳಿಯಾಳು, ಮಂಗಳೂರಿನ ಬಾವಿಯಿಂದ ಪೈಪ್ ಹಿಡಿದು ಬಂದ ಪ್ರೇತ ಅಂತ? ಐದು ದಿನ ಇಂಜೆಕ್ಷನ್ ಆಯಿತು. ಆರನೆಯ ದಿನ ಡಾಕ್ಟರು ಹೇಳಿದರು: "ಮತ್ತೆ ಹೀಗಾದರೆ ಕಿಡ್ನಿಗೆ ತೊಂದರೆ."

ಕಿಡ್ನಿ ಎಂಬ ಶಬ್ದ ಕೇಳಿದ ಮೇಲೆ ರಮಿತಾ ಮಗಳಿಗೆ ಸಮಾಧಾನ ಹೇಳಿದಳು, ಬಕೆಟ್ ಬೋರಲು ಹಾಕಿ ತೋರಿಸಿದಳು, ದೇವರ ಫೋಟೋ ಅಂಟಿಸಿದಳು. ಊಹೂಂ. "ನಹೀ ಮಮ್ಮಿ. ದೊಡ್ಡಪ್ಪ ಝೂಠ್ ನಹೀ ಬೋಲ್ತೇ," ಅಂದಿತು ಮಗು. ದೊಡ್ಡಪ್ಪ ಸುಳ್ಳು ಹೇಳುವುದಿಲ್ಲವಂತೆ. ಭಾವನಿಗೆ ತಿಳಿಸಿದರೆ ಅವರು ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದರು, "ನಿನ್ನ ಹೆದರಿಕೆ ಮಗುವಿಗೆ ಅಂಟಿದ್ದು ಮಾರಾಯ್ತಿ. ಪುಸ್ತಕಕ್ಕೆ ಬಿಂದಿ ಅಂಟಿಸುವವಳು ನೀನು." ಯಶ್ವಂತನೂ ಪಕ್ಕದಲ್ಲಿ ನಿಂತು ನಕ್ಕ.

ಆ ನಗುವನ್ನು ರಮಿತಾ ತೆಗೆದಿಟ್ಟುಕೊಂಡಳು. ಗಂಡನದ್ದು ಆಮೇಲೆ ನೋಡೋಣ. ಮೊದಲು ದೊಡ್ಡವರದ್ದು.

ದಾರಿ ತೋರಿಸಿದವಳು ಎದುರು ಮನೆಯ ಮರಾಠಿ ಹುಡುಗಿ ಸಾನಿಕಾ, ತನ್ವಿಯ ಗೆಳತಿ. ಒಂದು ಸಂಜೆ ಆಟದ ನಡುವೆ ಕೈ ತೊಳೆಯಲು ಹೊರಟ ಅವಳನ್ನು ತನ್ವಿ ತಡೆದಳು. "ಜಾಊ ನಕೋ! ಆತ ಕುಲೆ ಆಹೇ!" ಹೋಗಬೇಡ, ಒಳಗೆ ಕುಲೆ ಇದೆ.

ಸಾನಿಕಾ ಒಂದು ಕ್ಷಣ ಕಣ್ಣರಳಿಸಿ ನಿಂತಳು. ಆಮೇಲೆ ನೆಲದ ಮೇಲೆ ಬಿದ್ದು ಉರುಳಾಡಿ ನಗತೊಡಗಿದಳು. "ಕಾಕೂ! ಹೀ ಕಾಯ್ ಬೋಲತೇ, ಐಕಾ!" ಆಂಟೀ, ಇವಳು ಏನು ಹೇಳ್ತಾಳೆ ಕೇಳಿ. ರಮಿತಾ ಏನೆಂದು ಕೇಳಿದರೆ ಹೇಳಲು ನಾಚಿಕೆ. ಕೊನೆಗೆ ಎದ್ದು ನಿಂತು, ತಿರುಗಿ, ತನ್ನ ಫ್ರಾಕಿನ ಹಿಂಭಾಗಕ್ಕೆ ಎರಡು ಬಾರಿ ತಟ್ಟಿ ತೋರಿಸಿದಳು.

ತುಳುವಿನಲ್ಲಿ ಕುಲೆ ಅಂದರೆ ಪ್ರೇತ. ಮರಾಠಿಯಲ್ಲಿ ಕುಲೆ ಅಂದರೆ ಕುಂಡೆ.

ತನ್ವಿಯ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಗು ಅಲ್ಲಿಯವರೆಗೆ ಬಂತು, ನಿಂತಿತು. "ಲೇಕಿನ್ ದೊಡ್ಡಪ್ಪನದ್ದು ಬೇರೆ," ಎಂದಳು. ರಮಿತಾಳಿಗೆ ಹೊಳೆದದ್ದು ಆಗಲೇ. ಈ ಕುಲೆಯನ್ನು ಹುಟ್ಟಿಸಿದ ಬಾಯಿಯೇ ಅದನ್ನು ಕೊಲ್ಲಬೇಕು, ಮಗಳ ಕಣ್ಣೆದುರಿಗೆ, ಇಡೀ ಕಟ್ಟಡದ ಎದುರಿಗೆ.

ಗಣಪತಿ ಹಬ್ಬಕ್ಕೆ ಎರಡು ವಾರ ಇತ್ತು. ಸೊಸೈಟಿಯ ಮಂಟಪದಲ್ಲಿ ಮಕ್ಕಳ ಕಾರ್ಯಕ್ರಮ ನೋಡಿಕೊಳ್ಳುವವಳು ಸಾನಿಕಾಳ ತಾಯಿ. ರಮಿತಾ ಹೋಗಿ ಭಾವನ ಹೆಸರು ಬರೆಸಿ ಬಂದಳು: ಹಬ್ಬದ ದಿನ, ಭಾನುವಾರ ಸಂಜೆ ಐದಕ್ಕೆ, ಮರಾಠಿಯಲ್ಲಿ ಭಯದ ಕಥೆ.

ಭಾವ ಉಬ್ಬಿಹೋದರು. ಊರು ಬಿಟ್ಟು ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಗೆ ಯಾರೂ ಮೈಕ್ ಕೊಟ್ಟಿರಲಿಲ್ಲ. ಕನ್ನಡ ಸಂಘದಲ್ಲಿ ಹೋಟೆಲ್ ಮಾಲೀಕರಿಗೆ ಮೈಕ್, ಇವರಿಗೆ ಊಟ ಬಡಿಸುವ ಕೆಲಸ. ಹಬ್ಬದ ಹಿಂದಿನ ದಿನ ಹೊಸ ಅಂಗಿ ಹಾಕಿಕೊಂಡು, ಚೀಟಿ ಹಿಡಿದುಕೊಂಡು ಮೇಲೆ ಬಂದರು.

"ರಮಿತಾ, ಮರಾಠಿ ಸರಿ ಉಂಟಾ ನೋಡು. ಹೋಟೆಲಲ್ಲಿ ನಮ್ದು ಕಾಯ್ ಪಾಹಿಜೆ, ಕಿತೀ ಝಾಲೇ, ಅಷ್ಟೇ ಅಲ್ವಾ." ಏನು ಬೇಕು, ಎಷ್ಟಾಯಿತು.

ಎಂಟು ವರ್ಷ ತರಕಾರಿಯವಳ ಜೊತೆ ಜಗಳಾಡಿ ಕಲಿತ ಮರಾಠಿಯಲ್ಲಿ ರಮಿತಾ ಸಾಲು ಸಾಲು ತಿದ್ದಿದಳು. ಬಾಗಿಲಿಗೆ 'ದಾರ' ಅನ್ನಬೇಕು, ಕಾಲಿಗೆ 'ಪಾಯ' ಅನ್ನಬೇಕು ಎಂದು ಎಲ್ಲ ಸರಿ ಮಾಡಿದಳು. ಆ ಒಂದು ಶಬ್ದದ ಹತ್ತಿರ ಬಂದಾಗ ಪೆನ್ನು ನಿಂತಿತು. ಹೊಸ ಅಂಗಿಯ ಕಾಲರಿನಲ್ಲಿ ಬೆಲೆಚೀಟಿ ಹಾಗೇ ಇತ್ತು. ಪಾಪ ಅನ್ನಿಸಿತು. ಅಷ್ಟರಲ್ಲಿ ಬಾತ್‌ರೂಮಿನ ಬಾಗಿಲಲ್ಲಿ ನಿಂತು ತನ್ವಿ ಹಾಡಲು ಕೂಗಿ ಕರೆದಳು, "ಮಮ್ಮಿ, ಗಾನಾ ಗಾಓ ನಾ!" ಪಾಪ ಅಲ್ಲಿಗೆ ಮುಗಿಯಿತು.

"ಭಾವ, ಇಲ್ಲಿಯವರು ಭೂತ್ ಅಂತಾರೆ. ನೀವೂ ಹಾಗೇ ಹೇಳ್ತೀರಾ?" ಏನೂ ಅರಿಯದವಳ ಹಾಗೆ ಕೇಳಿದಳು.

ಭಾವ ಕೆನ್ನೆಗೆ ಬಡಿದುಕೊಂಡರು. "ಛೆ ಛೆ! ಭೂತ ಅಂದ್ರೆ ನಮ್ಗೆ ದೈವ. ಕೋಲ ಕೊಟ್ಟು ನಂಬುವ ಸತ್ಯ ಅದು. ಮಕ್ಕಳನ್ನು ಹೆದರಿಸ್ಲಿಕ್ಕೆ ಅದರ ಹೆಸರು ಎತ್ತುದಾ? ಕುಲೆ ಅಂತ್ಲೇ ಹೇಳುದು."

"ಹಾಗಾದ್ರೆ ಗಟ್ಟಿಯಾಗಿ ಹೇಳಿ ಭಾವ. ಹಿಂದೆ ಕೂತವರಿಗೂ ಕೇಳಬೇಕು."

ಭಾನುವಾರ ಮಂಟಪ ತುಂಬಿತ್ತು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ದೊಡ್ಡವರು. ತನ್ವಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಕೂತಿದ್ದಳು. ಭಾವ ಮೈಕ್ ಹಿಡಿದು, ದನಿ ತಗ್ಗಿಸಿ, ಮಳೆ, ಕತ್ತಲೆ, ಖಾಲಿ ಮನೆ ಎಲ್ಲ ಚೆನ್ನಾಗಿಯೇ ತಂದರು. ಬಾತ್‌ರೂಮಿನ ಬಾಗಿಲು ಕಿರ್ರೆಂದಿತು. ಮಕ್ಕಳು ಉಸಿರು ಹಿಡಿದರು.

"ಆಣಿ ಆತ ಕೋಣ ಹೋತಾ?" ಒಳಗೆ ಯಾರಿದ್ದರು? ಭಾವ ಸುತ್ತ ಕಣ್ಣು ಹಾಯಿಸಿದರು. "ಕುಲೆ!"

ಯಾರೋ ಮೂಗಿನಲ್ಲಿ ಪುಸ್ ಅಂದರು.

"ಪಾಂಢರಾ ಕುಲೆ! ಮೋಠಾ ಕುಲೆ!" ಬಿಳಿಯದು, ದೊಡ್ಡದು. ಕೈ ಅಗಲಿಸಿ ಅಳತೆಯನ್ನೂ ತೋರಿಸಿದರು.

ಮಂಟಪ ಒಡೆದುಹೋಯಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಹೆದರಿಕೆ ಮುಚ್ಚಲು ನಗುತ್ತಿದ್ದಾರೆಂದು ತಿಳಿದ ಭಾವ ಮೈಕನ್ನು ಬಾಯಿಗೇ ತಂದುಕೊಂಡು ಗುಡುಗಿದರು. "ಹಸೂ ನಕಾ! ತುಮಚಾ ಬಾತ್‌ರೂಮ್ ಮಧೇ ಪಣ ಕುಲೆ ಆಹೇ!" ನಗಬೇಡಿ, ನಿಮ್ಮ ಬಾತ್‌ರೂಮಿನಲ್ಲೂ ಇದೆ.

ಸೊಸೈಟಿಯ ಸೆಕ್ರೆಟರಿ ಎದ್ದು ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಭಾವ ಮೈಕನ್ನು ಗಣಪತಿಯ ಪಾದದ ಹತ್ತಿರ ಇಟ್ಟು, ಚಪ್ಪಲಿ ಮರೆತು ಬರಿಗಾಲಲ್ಲಿ ಇಳಿದು ನಡೆದರು.

ರಮಿತಾ ಅವರನ್ನು ನೋಡುತ್ತಿರಲಿಲ್ಲ. ಮಡಿಲಿನಿಂದ ತಲೆ ಎತ್ತಿದ್ದ ಮಗಳನ್ನು ನೋಡುತ್ತಿದ್ದಳು. ತನ್ವಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ನಗುನಗುತ್ತಾ ಕಾಲು ಕಾಲಿಗೆ ಹೆಣೆದುಕೊಂಡು ಎದ್ದಳು. "ಮಮ್ಮಿ, ಸೂಸೂ ಆಯೀ!" ಎಂದವಳೇ ಬೀಗದಕೈ ಕಿತ್ತುಕೊಂಡು ಮೆಟ್ಟಿಲ ಕಡೆಗೆ ಓಡಿದಳು. ರಮಿತಾ ಹಿಂದೆಯೇ ಏರಿದಳು, ಏದುಸಿರು ಬಿಡುತ್ತಾ. ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಬಾತ್‌ರೂಮಿನ ಚಿಲಕ ಬಿತ್ತು, ಟಕ್. ಹಾಡು ಬೇಕೆನ್ನಲಿಲ್ಲ ಮಗು.

ಮಾರನೆಯ ದಿನ ಡ್ಯೂಟಿಗೆ ಹೋಗುವ ಮುಂಚೆ ಭಾವ ಮೇಲೆ ಬಂದರು. ರಮಿತಾ ಚಹಾ ಕೊಟ್ಟಳು.

"ನಿಂಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಭಾವ."

"ಇಷ್ಟು ಜನರ ಎದುರು ನನ್ನ ಮರ್ಯಾದೆ ತೆಗೆದೆಯಲ್ಲ. ಮಕ್ಕಳು ಕುಲೆ ಕಾಕಾ ಅಂತ ಕರೀತಾರೆ."

"ತಮಾಷೆ ಅಲ್ವಾ ಭಾವ," ಎಂದಳು ರಮಿತಾ. ಈ ಮಾತನ್ನು ಅವಳು ತಿಂಗಳಿಡೀ ಬಾಯಲ್ಲಿಟ್ಟು ಚೀಪಿದ್ದಳು. "ತಮಾಷೆಗೆ ಇಷ್ಟು ನಾಚಿದರೆ ಹೇಗೆ?"

ಭಾವ ಅರ್ಧ ಚಹಾ ಬಿಟ್ಟು ಎದ್ದರು. ಅವರು ಮೆಟ್ಟಿಲಿಳಿದು ಅಂಗಳಕ್ಕೆ ಕಾಲಿಟ್ಟರೋ ಇಲ್ಲವೋ, ಮಕ್ಕಳ ಕೂಗು ಎದ್ದಿತು. "ಕುಲೆ ಆಲೇ! ಕುಲೆ ಆಲೇ!" ಕುಲೆ ಬಂತು, ಕುಲೆ ಬಂತು. ಬಾಲ್ಕನಿಯಿಂದ ಒಮ್ಮೆ ಗದರಿದ್ದರೆ ಸುಮ್ಮನಾಗುತ್ತಿದ್ದವು. ರಮಿತಾ ಬಾಲ್ಕನಿಗೆ ಹೋದಳು. ಕೂಗುವವರ ನಡುವೆ ತನ್ವಿಯ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅದನ್ನು ಕೇಳುತ್ತಾ, ಭಾವ ಗೇಟು ದಾಟುವವರೆಗೂ ಅಲ್ಲೇ ನಿಂತು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು.