ಬೋರ್ಡಿನ ಮೇಲೆ ಬಂದು ಹೋದ ನಂಬರು

ನಮ್ಮ ಊರು ಬೀಳಗಿ ತಾಲೂಕಿನಲ್ಲಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಯಿತು. ಬದಲಿಗೆ ಪುನರ್ವಸತಿ ಕೇಂದ್ರದಲ್ಲಿ ಜಾಗ ಕೊಟ್ಟರು. ಅಪ್ಪ ಅಲ್ಲಿ ಎರಡು ಕೋಣೆ ಕಟ್ಟಿದ. ಆ ಜಾಗ ತನ್ನದೆಂದು ದೊಡ್ಡಪ್ಪ ತಕರಾರು ತೆಗೆದ. ಅಪ್ಪ ಕೋರ್ಟಿಗೆ ಹೋಗಿ, ಯಾರೂ ಮನೆ ಮುಟ್ಟಬಾರದೆಂದು ತಡೆಯಾಜ್ಞೆ ತಂದ. ಕೇಸು ಇರುವವರೆಗೆ ಮನೆ ಇರುತ್ತದೆ, ಅಷ್ಟೇ ನಮಗೆ ಗೊತ್ತಿದ್ದದ್ದು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟು ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಿದ್ದೆ. ಪಕ್ಕದ ಝೆರಾಕ್ಸ್ ಅಂಗಡಿಯವನು ಕೋರ್ಟಿನ ವೆಬ್‌ಸೈಟಿನಲ್ಲಿ ಕೇಸ್ ನಂಬರ್ ಹೊಡೆದು ಮುಂದಿನ ತಾರೀಖು ಹೇಳುತ್ತಿದ್ದ. ಜಡ್ಜ್ ಸಾಹೇಬರ ಮುಂದಿರುವ ಕಂಪ್ಯೂಟರಿನಲ್ಲೂ ಇದೇ ಇರುತ್ತದಂತೆ.

ಆ ಸಲದ ತಾರೀಖಿನ ದಿನ ನಮ್ಮ ವಕೀಲರಿಗೆ ಮುಧೋಳದಲ್ಲಿ ಬೇರೆ ಕೇಸಿತ್ತು. "ಕರದಾಗ ಒಳಗ ಹೋಗಿ ಕೈ ಮುಗೀರಿ, ತಾರೀಖು ಕೇಳ್ರಿ. ಅಷ್ಟ ಸಾಕು," ಅಂದಿದ್ದರು.

ಅಪ್ಪ ಬೆಳಿಗ್ಗೆಯೇ ಹೋಗಿ ಕೋರ್ಟಿನ ಹೊರಗೆ ಕಂಬಳಿ ಹಾಸಿ ಕೂತ. ಬೀರೇಶ್ವರನ ಗುಡಿಯಲ್ಲಿ ನಮ್ಮವರು ಹಾಗೆಯೇ. ಪೂಜಾರಿ ಹೆಸರು ಹಿಡಿದು ಕೂಗುವವರೆಗೆ ಹೊಸ್ತಿಲು ದಾಟುವುದಿಲ್ಲ. ಕೋರ್ಟಿನಲ್ಲೂ ಮೊದಲು ಜವಾನ ಬಾಗಿಲಿಗೆ ಬಂದು ಕೂಗುತ್ತಿದ್ದ. ಈಗ ಒಳಗೆ ಬೋರ್ಡು ಹಾಕಿದ್ದರು, ಅದರ ಮೇಲೆ ನಂಬರು ಬರುತ್ತಿತ್ತು. ಇದನ್ನು ಅಪ್ಪನಿಗೆ ಯಾರೂ ಹೇಳಲಿಲ್ಲ.

ಸಂಜೆ ಅಂಗಡಿಯವನು ನನ್ನನ್ನು ಕರೆದ. "ಲೇ, ನಿಮ್ಮ ಕೇಸು ವಜಾ ಆಗೇತಿ. ನಿಮ್ಮಪ್ಪ ಬಂದಿಲ್ಲ ಅಂತ ಹಾಕ್ಯಾರ."

ಅಪ್ಪನಿಗೆ ಫೋನ್ ಮಾಡಿದೆ. "ಎಲ್ಲಿ ಅದಿ?"

"ಕೋರ್ಟಿನ ಮುಂದ."

"ಕೇಸು ಮುಗದೈತಿ."

"ಹುಚ್ಚ ಹಿಡದೈತೇನಲೇ? ಇನ್ನ ಕರದೇ ಇಲ್ಲ."

ಬಸ್ ಹಿಡಿದು ನಾನು ಕೋರ್ಟು ಮುಟ್ಟುವಷ್ಟರಲ್ಲಿ ಕ್ಲಾರ್ಕು ಬೀಗ ಹಾಕುತ್ತಿದ್ದ. "ಎಲ್ಲಾ ಆನ್‌ಲೈನ್ ಐತಿ, ನೋಡಕೋರಿ," ಅಂದ.

"ಕಿಡಕ್ಯಾಗ ಹಣಿಕಿ ಹಾಕಿದ್ರ ನಾ ಕಾಣತಿದ್ನಲ್ರೀ," ಅಂದ ಅಪ್ಪ.

"ಯಜ್ಜಾ, ಹೊರಗ ಕುಂತಾವ್ರನ್ನ ಹುಡುಕ್ಕೋತ ಹೋದ್ರ ನಮ್ಮ ಕೆಲಸ ಯಾರ್ ಮಾಡಬೇಕು?"

ವಕೀಲರಿಗೆ ಫೋನ್ ಮಾಡಿದೆ. ಅರ್ಜಿ ಹಾಕಿದರೆ ಕೇಸು ಮತ್ತೆ ನಡೆಯುತ್ತದೆ ಅಂದರು.

"ಅಲ್ಲೀತನಕ ತಡೆಯಾಜ್ಞೆ?"

"ಅದು ಹೋತಪಾ."

ದೊಡ್ಡಪ್ಪನ ಮಗನ ಹತ್ತಿರವೂ ಫೋನ್ ಇತ್ತು. ಅವನೂ ಅದೇ ವೆಬ್‌ಸೈಟು ನೋಡುತ್ತಿದ್ದ. ಮರುದಿನ ಟ್ರ್ಯಾಕ್ಟರ್ ತಂದ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಕೋರ್ಟಿಗೆ ಮತ್ತ ಅರ್ಜಿ ಹಾಕಾಕತ್ತೇವಿ, ಎರಡ ದಿನ ತಡಿಯೋ ತಮ್ಮಾ."

"ಹಾಕ್ರಿ, ಯಾರು ಬ್ಯಾಡಂದಾರ? ಮೊದಲ ಗಡಗಿ-ಮಗಿ ಹೊರಗ ತಗಿ ಚಿಗವ್ವಾ."

ಅವ್ವ ತೆಗೆದಳು. ಗೋಡೆ ಬಿತ್ತು. ಬೆಳಿಗ್ಗೆ ಹಚ್ಚಿದ ಒಲೆ ಮಣ್ಣಿನಡಿ ಇನ್ನೂ ಹೊಗೆಯಾಡುತ್ತಿತ್ತು.

ನಮ್ಮ ಅರ್ಜಿ ಒಪ್ಪಿಗೆಯಾಗಿ ಕೇಸು ಮತ್ತೆ ಶುರುವಾಗುವಷ್ಟರಲ್ಲಿ ಅಲ್ಲಿ ದೊಡ್ಡಪ್ಪನ ಹೊಸ ಗೋಡೆ ಎದ್ದಿತ್ತು. ಈ ಸಲ ತಡೆಯಾಜ್ಞೆ ಅವನು ತಂದ. ನಾವು ಆ ಜಾಗಕ್ಕೆ ಕಾಲಿಡುವಂತಿಲ್ಲ.